ಸೋರಿದ್ದು ಎಲ್ಲಿಂದ?

ಹಾಲೆಕಜೆ, ಅರಂತೋಡು ಅಂಚೆ
11 ಜುಲೈ 2024

ಸಾಕ್ಷಿ,

ಈ ಕಾಗದ ನಿನ್ನ ಕೈಗೇ ಸೇರುತ್ತದೋ ಅಥವಾ ನಿನ್ನ ಆಫೀಸಿನಲ್ಲಿ ಬೇರೆ ಯಾರಾದರೂ ಒಡೆದು ಓದುತ್ತಾರೋ ತಿಳಿಯದು. ನಿನ್ನ ಈಗಿನ ಫೋನ್ ನಂಬರು ನನ್ನಲ್ಲಿಲ್ಲ. ಪುತ್ತೂರಿನ ವಿಳಾಸ ಸಿಕ್ಕಿದ್ದು ಟ್ಯಾಬ್‌ಗಳು ಬಂದ ರಟ್ಟಿನ ಪೆಟ್ಟಿಗೆಯ ಮೇಲೆ. ಅದರೊಳಗಿನ ಕೈಪಿಡಿಯಲ್ಲಿ 'ಆಟದ ರಚನೆ: ಸಾಕ್ಷಿ' ಎಂದಿತ್ತು. ಟೀಚರ್ ಟ್ರೈನಿಂಗಿನ ಹಾಸ್ಟೆಲಿನಲ್ಲಿ ನನ್ನ ಪಕ್ಕದ ಮಂಚದಲ್ಲಿ ಮಲಗುತ್ತಿದ್ದ ಸಾಕ್ಷಿಯೇ ಇವಳು ಎಂದು ಖಾತ್ರಿಯಾದದ್ದು ಮಾತ್ರ ಬೇರೆ ಕಾರಣದಿಂದ. ಅದನ್ನು ಕೊನೆಗೆ ಬರೆಯುತ್ತೇನೆ.

ನಾನೀಗ ಹಾಲೆಕಜೆಯ ಸರ್ಕಾರಿ ಶಾಲೆಯಲ್ಲಿದ್ದೇನೆ. ಮಕ್ಕಳು ಕಡಿಮೆ, ಟೀಚರುಗಳು ಅದಕ್ಕಿಂತ ಕಡಿಮೆ. ಕರೆಂಟು ಉಳಿಸುವುದನ್ನು ಆಟದಲ್ಲೇ ಕಲಿಸಿ ಎಂದು ನಿಮ್ಮವರು ಐದು ಟ್ಯಾಬ್ ಕೊಟ್ಟು ಹೋಗಿದ್ದಾರೆ. 'ಊರುಬೆಳಕು' ಎಂದು ಆಟದ ಹೆಸರು. ಪ್ರತಿ ಮಗುವಿಗೂ ಪರದೆಯ ಮೇಲೆ ಒಂದು ಮನೆ, ಮನೆಯ ಮುಂದೆ ಒಂದು ಮರ. ಸುಮ್ಮನೆ ಉರಿಯುವ ದೀಪ ಆರಿಸಿದರೆ ಮರ ಚಿಗುರುತ್ತದೆ, ಮರೆತರೆ ಎಲೆ ಉದುರುತ್ತದೆ. ಇಷ್ಟಕ್ಕೆ ನನ್ನ ತಕರಾರಿಲ್ಲ. ಆದರೆ ಎರಡನೆಯ ಹಂತಕ್ಕೆ ಹೋಗಬೇಕಾದರೆ ಮಗು ತನ್ನ ನಿಜವಾದ ಮನೆಯಲ್ಲಿ ಬಲ್ಬು ಎಷ್ಟು, ಫ್ರಿಜ್ಜು ಇದೆಯೇ, ನೀರು ಕಾಯಿಸುವುದು ಯಾವುದರಲ್ಲಿ ಎಂದೆಲ್ಲ ತುಂಬಬೇಕು. ದಿನಾ ಮೀಟರು ನೋಡಿ ಬಂದು ಅಂಕಿ ಬರೆಯಬೇಕು. ಯಾಕೆ? ಈ ಉತ್ತರಗಳನ್ನು ನೋಡುವವರು ಯಾರು? ಪುಕ್ಕಟೆ ಕೊಡುವವರು ಏನನ್ನಾದರೂ ತೆಗೆದುಕೊಂಡೇ ಹೋಗುತ್ತಾರೆ ಎಂಬುದು ಈವರೆಗಿನ ನನ್ನ ಅನುಭವ.

ಇನ್ನು ಆ ಕಾರಣ. ಮೊನ್ನೆ ಒಬ್ಬ ಹುಡುಗ ಆಟದಲ್ಲಿ ಖಾಲಿ ಕೋಣೆಯ ದೀಪ ಆರಿಸಲು ಮರೆತ. ಆಟದೊಳಗಿನ ಅಜ್ಜಿ ಬಾಗಿಲಿಗೆ ಬಂದು, "ಯಾರ ಮದುವೆ ಉಂಟು ಈ ಕೋಣೆಯಲ್ಲಿ?" ಎಂದಳು. ಮಕ್ಕಳೆಲ್ಲ ನಕ್ಕರು. ನಾನು ಕಿಟಕಿಯ ಕಡೆ ತಿರುಗಿ ನಿಂತೆ. ಮರ್ಕಂಜದ ನಮ್ಮ ಮನೆಯಲ್ಲಿ ಅಮ್ಮ ಹೇಳುತ್ತಿದ್ದ ಮಾತು ಅದು. ನಮ್ಮೊಳಗೆ ಮನೆಮಾತಾದ ಅರೆಭಾಷೆಯಲ್ಲಿ, ರಜೆಗೆ ನೀನು ಬಂದಿದ್ದಾಗ ನಿನಗೆ ಅರ್ಥವಾಗಲೆಂದು ಕನ್ನಡದಲ್ಲಿ. ಅಮ್ಮ ಹೋಗಿ ಎರಡು ವರ್ಷವಾಯಿತು. ಆಗ ನೀನು ಬರಲಿಲ್ಲ. ಈಗ ಅವಳ ಮಾತು ನಿನ್ನ ಪೆಟ್ಟಿಗೆಯೊಳಗಿಂದ ಬಂತು. ಕೇಳದೆ ತೆಗೆದುಕೊಳ್ಳುವ ಅಭ್ಯಾಸ ನಿಮ್ಮ ಸಂಸ್ಥೆಯದೋ ನಿನ್ನದೋ, ತಿಳಿಸು.

ಉತ್ತರಕ್ಕೆ ಕಾಯುವ
ಶರ್ಮಿಳಾ


ಪುತ್ತೂರು
24 ಜುಲೈ 2024

ಶರ್ಮಿ,

ಕಾಗದ ನನಗೇ ಸಿಕ್ಕಿತು, ಯಾರೂ ಒಡೆದಿರಲಿಲ್ಲ. ಕೈಬರಹ ನೋಡಿಯೇ ನೀನೆಂದು ಗೊತ್ತಾಯಿತು. ಒಡೆಯಲು ಮಧ್ಯಾಹ್ನದವರೆಗೆ ಧೈರ್ಯ ಬರಲಿಲ್ಲ.

ಮೊದಲು ನಿನ್ನ ಪ್ರಶ್ನೆಗೆ. ನಮ್ಮದು ಸಣ್ಣ ಸಂಸ್ಥೆ. ಅಭಿರಾಮ್ ಎಂಬವರು ನಡೆಸುತ್ತಾರೆ, ಆಟ ಕಟ್ಟುವವಳು ನಾನು. ಪುತ್ತೂರು, ಸುಳ್ಯ, ಕಡಬ ಮೂರೂ ತಾಲೂಕಿನ ಕೆಲವು ಶಾಲೆಗಳಿಗೆ ಕೊಟ್ಟಿದ್ದೇವೆ. ನಿಜವಾದ ಮೀಟರನ್ನು ಯಾಕೆ ಕೇಳುವುದೆಂದರೆ, ಮೊದಲ ವರ್ಷ ಮಕ್ಕಳು ಪರದೆಯ ಮೇಲಿನ ಮರವನ್ನು ಚಿಗುರಿಸಿ, ಮನೆಯ ಫ್ಯಾನು ತಿರುಗಲು ಬಿಟ್ಟು ಶಾಲೆಗೆ ಬರುತ್ತಿದ್ದರು. ಆಟ ಮನೆಯೊಳಗೆ ಕಾಲಿಡದಿದ್ದರೆ ಬರೀ ಆಟವಾಗಿಯೇ ಉಳಿಯುತ್ತದೆ. ಟ್ಯಾಬಿನಲ್ಲಿ ಬರೆದದ್ದು ಟ್ಯಾಬಿನಲ್ಲೇ ಇರುತ್ತದೆ, ಎಲ್ಲಿಗೂ ಹೋಗುವುದಿಲ್ಲ. ಹೀಗೆಂದು ಬರೆದು ಸಹಿ ಹಾಕಿದ ಬೇರೆ ಹಾಳೆಯೊಂದನ್ನು ಇದರೊಂದಿಗೆ ಇಟ್ಟಿದ್ದೇನೆ. ಪೋಷಕರಿಗೆ ತೋರಿಸು.

ಅಜ್ಜಿಯ ಧ್ವನಿ ನನ್ನದೇ. ನಿನ್ನ ಅಮ್ಮನ ಹಾಗೆ ಹೇಳಲು ಬಹಳ ಸಲ ಪ್ರಯತ್ನಿಸಿದೆ. ಸುದ್ದಿ ನನಗೆ ತಲುಪುವಾಗ ಎಲ್ಲ ಮುಗಿದಿತ್ತು, ಆಮೇಲೆ ನಿನಗೆ ಏನೆಂದು ಬರೆಯುವುದು ತೋಚಲಿಲ್ಲ. ಆ ಮಾತು ತೆಗೆ ಎಂದರೆ ತೆಗೆಯುತ್ತೇನೆ.

ಕೆಳಗೆ ನನ್ನ ನಂಬರು ಬರೆದಿದ್ದೇನೆ. ಫೋನ್ ಮಾಡು.

ಸಾಕ್ಷಿ


ಹಾಲೆಕಜೆ
2 ಸೆಪ್ಟೆಂಬರ್ 2024

ಸಾಕ್ಷಿ,

ಫೋನ್ ಮಾಡಲಿಲ್ಲ. ಇಲ್ಲಿ ಸಿಗ್ನಲ್ ಬೇಕಾದರೆ ಶಾಲೆಯ ಹಿಂದಿನ ಗುಡ್ಡ ಹತ್ತಬೇಕು. ಅಲ್ಲಿ ನಿಂತು ಮಾತಾಡಿದರೆ ನನ್ನ ಅರ್ಧ ಮಾತು ನಿನಗೂ ಪೂರ್ತಿ ಮಾತು ಊರಿಗೂ ಕೇಳುತ್ತದೆ. ಕಾಗದವೇ ಒಳ್ಳೆಯದು. ಅಜ್ಜಿಯ ಮಾತು ಇರಲಿ.

ಆಟ ಮಕ್ಕಳಿಗೆ ಹಿಡಿಸಿದೆ, ಅದನ್ನು ಒಪ್ಪಬೇಕು. ನಾನು ಬೋರ್ಡಿನಲ್ಲಿ ಬರೆದು ಬರೆದು ಕಲಿಸಲಾಗದ್ದನ್ನು ಆ ಮರದ ಎಲೆಗಳು ಕಲಿಸಿವೆ. ಟಿವಿಯನ್ನು ರಿಮೋಟಿನಲ್ಲಿ ಆರಿಸಿದರೆ ಸಾಲದು, ಸ್ವಿಚ್ ತೆಗೆಯಬೇಕೆಂದು ಮನೆಮನೆಯಲ್ಲಿ ಜಗಳ. ಅಂಗಡಿಯ ಮೊಯ್ದಿನಬ್ಬ ಬ್ಯಾರಿಗಳ ತಂಪುಪಾನೀಯದ ಫ್ರಿಜ್ಜಿನಲ್ಲಿ ಹಗಲೆಲ್ಲ ಬಲ್ಬು ಉರಿಯುತ್ತದೆಂದು ನಾಲ್ಕನೆಯ ತರಗತಿಯವರು ಹೋಗಿ ವಿಚಾರಣೆ ಮಾಡಿದ್ದಾರೆ. "ಟೀಚರ್, ಮಕ್ಕಳಿಗೆ ಓದಲಿಕ್ಕೆ ಕಲಿಸುದು ಬಿಟ್ಟು ಪೊಲೀಸ್ ಮಾಡಿದ್ದೀರಾ?" ಎಂದು ಅವರು ನನ್ನನ್ನು ಕೇಳಿದರು. ನಗುತ್ತಲೇ ಕೇಳಿದ್ದು. ಆದರೂ ಕೇಳಿದರು.

ನಗದೆ ಕೇಳಿದವರು ಕುಕ್ಕಪ್ಪಣ್ಣ, ನಮ್ಮ ಶಾಲಾ ಸಮಿತಿಯ ಅಧ್ಯಕ್ಷರು. ಬಂದವರೇ ಟ್ಯಾಬನ್ನು ತಿರುಗಿಸಿ ಹಿಂದಿನ ಕ್ಯಾಮರಾದ ಮೇಲೆ ಬೆರಳಿಟ್ಟು, ಇದು ಎಂತ ನೋಡುದು ಎಂದರು. ನಾನು ನಿನ್ನ ಸಹಿಯ ಹಾಳೆ ಕೊಟ್ಟೆ. ನಿಧಾನಕ್ಕೆ ಓದಿ, ಯಾರೂ ಕೇಳುವ ಮೊದಲೇ ಇವರು ಯಾಕೆ ಬರೆದು ಕೊಟ್ಟದ್ದು ಎಂದು ವಿಚಾರಿಸಿದರು. ಕೇಳಿದ್ದು ನಾನು ಎಂದೆ. "ಹಾಗಾದರೆ ನಿಮಗೂ ಸಂಶಯ ಬಂದಿತ್ತು" ಎಂದು ಹಾಳೆಯನ್ನು ಮಡಚಿ ತಮ್ಮ ಕಿಸೆಗೇ ಹಾಕಿಕೊಂಡು ಹೋದರು.

ಅವರ ಮೊಮ್ಮಗಳು ಯಶಸ್ವಿ ಆರನೆಯ ತರಗತಿಯಲ್ಲಿದ್ದಾಳೆ. ಆಟದಲ್ಲಿ ಎಲ್ಲರಿಗಿಂತ ಮುಂದೆ. ಅವರದು ದೊಡ್ಡ ಮನೆ, ಎಲ್ಲ ಯಂತ್ರಗಳೂ ಇವೆ, ಆದರೆ ಅವಳು ತರುವ ಮೀಟರಿನ ಅಂಕಿ ಮಾತ್ರ ಹಿಂದಿನ ದಿನದ್ದಕ್ಕಿಂತ ಹೆಚ್ಚುಕಡಿಮೆ ಏರಿಯೇ ಇರುವುದಿಲ್ಲ. ಸುಳ್ಳು ಬರೆಯುತ್ತಾಳೆಂದು ಉಳಿದ ಮಕ್ಕಳ ದೂರು. ಸುಳ್ಳಲ್ಲವೆಂದು ಅತ್ತಳು. ಈಗ ಅವಳು 'ಸೋರಿಕೆ' ಎಂಬ ಹಂತದಲ್ಲಿದ್ದಾಳೆ, ಕರೆಂಟು ಎಲ್ಲಿಂದ ಸೋರಿ ಹೋಗುತ್ತಿದೆಯೆಂದು ಹುಡುಕುವ ಹಂತ. ಮೊನ್ನೆ ಬಂದು, ಹೀಟರ್ ಹಾಕಿದಾಗ ಮೀಟರಿನ ಕೆಂಪು ದೀಪ ಬೇಗ ಬೇಗ ಮಿನುಗಬೇಕಲ್ಲವಾ ಎಂದು ಕೇಳಿದಳು. ಹೌದೆಂದೆ. ಆಮೇಲೆ ಅವಳು ಆಟ ಮುಂದುವರಿಸಲಿಲ್ಲ. ನನಗೆ ಅದು ಸರಿ ಕಾಣಲಿಲ್ಲ. ಯಾಕೆಂದು ಹೇಳಲಾರೆ.

ಶರ್ಮಿಳಾ


ಹಾಲೆಕಜೆ
25 ಅಕ್ಟೋಬರ್ 2024

ಸಾಕ್ಷಿ,

ಒಂದೇ ಪ್ರಶ್ನೆ, ನಿಜ ಹೇಳು. ಆ ಟ್ಯಾಬಿನಿಂದ ಏನಾದರೂ ಹೊರಗೆ ಹೋಗುತ್ತದೆಯೇ?

ದಸರಾ ರಜೆ ಮುಗಿದು ಶಾಲೆ ಶುರುವಾದ ವಾರದಲ್ಲೇ ಕರೆಂಟಿನವರ ತನಿಖೆಯ ಜೀಪು ಬಂತು. ದಾರಿಯಲ್ಲಿ ಯಾರ ಮನೆಯನ್ನೂ ವಿಚಾರಿಸಲಿಲ್ಲ. ನೇರ ಕುಕ್ಕಪ್ಪಣ್ಣನ ಅಂಗಳಕ್ಕೆ ಹೋಗಿ, ಅಲ್ಲಿಂದ ನೇರ ಪಂಪಿನ ಶೆಡ್ಡಿಗೆ. ತೋಟಕ್ಕೆ ನೀರೆತ್ತುವ ಪಂಪಿಗೆ ಕರೆಂಟು ಉಚಿತ. ಮನೆಗೂ ಒಂದು ಮಿತಿಯವರೆಗೆ ಉಚಿತ. ಆ ಮಿತಿ ದಾಟಬಾರದೆಂದು ಪಂಪಿನ ಲೈನಿಗೆ ವಯರು ಸಿಕ್ಕಿಸಿ, ಬೇಲಿಗುಂಟ ಎಳೆದು, ಮನೆಯ ಹೀಟರ್, ಫ್ರಿಜ್ಜು, ಗ್ರೈಂಡರ್ ಎಲ್ಲ ಅದರಲ್ಲಿ ಓಡಿಸುತ್ತಿದ್ದರು. ಯಶಸ್ವಿಯ ಅಂಕಿ ಏರದಿದ್ದದ್ದು ಅದಕ್ಕೆ. ವಯರು ಎಳೆದವನು ಕುಕ್ಕಪ್ಪಣ್ಣನ ಮಗ ಲತೀಶ, ಯಶಸ್ವಿಯ ಅಪ್ಪ. ಪಂಪಿನ ಸಂಪರ್ಕವನ್ನೇ ಕಡಿದು ಹಾಕಿ ಹೋಗಿದ್ದಾರೆ, ದಂಡ ಬೇರೆ. ಈ ಊರಿನಲ್ಲಿ ಇಂಥ ವಯರು ಇದ್ದದ್ದು ಅವರೊಬ್ಬರ ಮನೆಯಲ್ಲಲ್ಲ. ಅಂದು ಸಂಜೆ ಎಷ್ಟೋ ಬೇಲಿಗಳ ಬಳಿ ಜನ ಬಗ್ಗಿಕೊಂಡು ಏನೋ ಎಳೆಯುತ್ತಿದ್ದರು. ನಾನು ದಾರಿಯಲ್ಲಿ ಹೋದಾಗ ಎದ್ದು ನಿಂತು ಮುಖ ತಿರುಗಿಸಿದರು.

ಕರೆಂಟಿನವರಿಗೆ ಹೇಳಿದ್ದು ಶಾಲೆಯ ಪೆಟ್ಟಿಗೆ, ಅಂದರೆ ಟ್ಯಾಬು, ಎಂದು ಊರು ತೀರ್ಮಾನಿಸಿದೆ. ಯಶಸ್ವಿ ತುಂಬಿದ ಪುಟದ ಫೋಟೋ ಯಾರೋ ತೆಗೆದು ಊರಿನ ವಾಟ್ಸಾಪ್ ಗುಂಪಿಗೆ ಹಾಕಿದ್ದಾರೆ. ಹೀಟರ್ ಎರಡು, ಫ್ರಿಜ್ಜು ಒಂದು, ಕೆಳಗೆ ಏರದ ಮೀಟರಿನ ಅಂಕಿ. ಅದನ್ನು ನೋಡಿದರೆ ನನಗೂ ಹಾಗೇ ಅನಿಸುತ್ತದೆ. ಲತೀಶ ಶಾಲೆಯ ಜಗಲಿಗೆ ಬಂದು ಮಕ್ಕಳೆದುರೇ ನನ್ನನ್ನು ಕೇಳಿದ: "ನನ್ನ ಮಗಳ ಕೈಯಲ್ಲೇ ನನ್ನ ಮನೆ ಬರೆಸಿದಿರಲ್ಲ ಟೀಚರ್, ನಿಮಗೆ ಎಂತ ಸಿಕ್ಕಿತು?" ಯಶಸ್ವಿ ಮೂರನೆಯ ಬೆಂಚಿನಲ್ಲಿದ್ದಳು, ತಲೆ ಎತ್ತಲಿಲ್ಲ.

ಮಗಳನ್ನು ಸುಳ್ಯದ ಬೇರೆ ಶಾಲೆಗೆ ಸೇರಿಸುತ್ತೇನೆಂದು ಹೇಳಿ ಹೋಗಿದ್ದಾನೆ. ಇನ್ನೂ ನಾಲ್ಕು ಮನೆಯವರು ಹಾಗೇ ಹೇಳುತ್ತಿದ್ದಾರೆ. ಅಷ್ಟು ಮಕ್ಕಳು ಹೋದರೆ ಈ ಶಾಲೆ ಉಳಿಯುವುದಿಲ್ಲ. ನನ್ನನ್ನು ಇಲ್ಲಿಂದ ವರ್ಗ ಮಾಡಬೇಕೆಂದು ಅರ್ಜಿಯೂ ತಯಾರಾಗಿದೆಯಂತೆ. ನಿನ್ನ ಸಹಿಯ ಹಾಳೆಯನ್ನು ಕುಕ್ಕಪ್ಪಣ್ಣ ಕೈಯಲ್ಲಿ ಹಿಡಿದು ಎಲ್ಲರಿಗೂ ತೋರಿಸುತ್ತಿದ್ದಾರೆ. ಆ ಹಾಳೆ ನಿಜವೋ?

ಶರ್ಮಿಳಾ


ಪುತ್ತೂರು
4 ನವೆಂಬರ್ 2024

ಶರ್ಮಿ,

ಪೂರ್ತಿ ತಿಳಿದುಕೊಳ್ಳದೆ ಬರೆಯಬಾರದೆಂದು ತಡ ಮಾಡಿದೆ.

ಆ ಹಾಳೆ ಬರೆದಾಗ ನನಗೆ ಗೊತ್ತಿದ್ದದ್ದನ್ನೇ ಬರೆದಿದ್ದೆ. ಈಗ ಗೊತ್ತಾದದ್ದು ಬೇರೆ. ಜೂನ್‌ನಲ್ಲಿ ಆಟಕ್ಕೆ ಒಂದು ಸಣ್ಣ ತುಂಡು ಸೇರಿಸಿದ್ದಾರೆ, ನನ್ನನ್ನು ಕೇಳದೆ. ಟ್ಯಾಬಿಗೆ ನೆಟ್ ಸಿಕ್ಕಿದ ಕೂಡಲೇ ಆ ಶಾಲೆಯ ಮಕ್ಕಳ ಮನೆಗಳ ಲೆಕ್ಕವೆಲ್ಲ ಒಟ್ಟಾಗಿ ನಮಗೆ ಹಣ ಕೊಡುವ ಕಂಪನಿಗೆ ಹೋಗುತ್ತದೆ. ಬರೀ ಮೊತ್ತ, ಹೆಸರುಗಳಿಲ್ಲ ಎನ್ನುತ್ತಾರೆ ಅಭಿರಾಮ್. ಯಾಕೆ ನನಗೆ ಹೇಳಲಿಲ್ಲ ಎಂದರೆ, ಹೇಳಿದರೆ ನೀವು ಬೇಡ ಅನ್ನುತ್ತಿದ್ದಿರಿ ಎಂದು ನಕ್ಕರು. ಅವರೊಂದಿಗೆ ನಾಲ್ಕು ವರ್ಷ ಕೆಲಸ ಮಾಡಿದ್ದೇನೆ. ಈಗ ಅವರು ಬಾಗಿಲು ಹಾಕಿಕೊಂಡು ಫೋನಿನಲ್ಲಿ ಮಾತಾಡಿದರೂ ನನ್ನ ಕಿವಿ ಆ ಕಡೆ ಹೋಗುತ್ತದೆ.

ಆದರೆ ನಿಮ್ಮ ಶಾಲೆಯಿಂದ ಏನೂ ಹೋಗಿಲ್ಲ. ಯಾವ ಟ್ಯಾಬು ಯಾವಾಗ ನೆಟ್ ಮುಟ್ಟಿತೆಂಬುದು ನಮ್ಮಲ್ಲಿ ದಾಖಲಾಗುತ್ತದೆ. ಹಾಲೆಕಜೆಯ ಐದರ ಮುಂದೆಯೂ ಖಾಲಿ. ಅದನ್ನು ಮುದ್ರಿಸಿ ಇಟ್ಟುಕೊಂಡಿದ್ದೇನೆ. ನಿಮ್ಮ ಸಮಿತಿಯ ಸಭೆ ಯಾವಾಗ ತಿಳಿಸು, ನಾನೇ ಬಂದು ಎಲ್ಲರೆದುರು ತೋರಿಸುತ್ತೇನೆ. ನಿನ್ನ ಮೇಲಿನ ಆಪಾದನೆ ಅಲ್ಲಿಗೇ ಮುಗಿಯುತ್ತದೆ.

ಒಂದು ಕೇಳಲೇಬೇಕು, ಬೇಸರ ಮಾಡಬೇಡ. ನೀನು ಆ ಮನೆಯ ಅಂಕಿಯನ್ನು ಯಾರಿಗೂ ತೋರಿಸಿಲ್ಲ ತಾನೇ?

ಸಾಕ್ಷಿ


ಹಾಲೆಕಜೆ
12 ನವೆಂಬರ್ 2024

ಸಾಕ್ಷಿ,

ಬರಬೇಡ. ಬಂದರೂ ಆ ಕಾಗದ ತರಬೇಡ.

ನಿನ್ನ ಕೊನೆಯ ಸಾಲಿಗೆ ಉತ್ತರ ಕೊಡುವುದಿಲ್ಲ. ಕೇಳುವ ಹಕ್ಕು ನಿನಗಿದೆ, ನಾನೂ ನಿನ್ನನ್ನು ಹಾಗೇ ಕೇಳಿದ್ದೆ.

ಮೊನ್ನೆ ಶಾಲೆ ಬಿಟ್ಟ ಮೇಲೆ ಯಶಸ್ವಿ ಚೀಲ ಹಾಕಿಕೊಂಡು ಬಾಗಿಲ ಹತ್ತಿರವೇ ನಿಂತಿದ್ದಳು. ಮನೆಗೆ ಹೋಗು ಎಂದೆ. ಉಳಿದ ಮಕ್ಕಳು ಗೇಟು ದಾಟುವವರೆಗೆ ಕಾದು ಮೇಜಿನ ಹತ್ತಿರ ಬಂದಳು.

"ಟೀಚರ್, ಆಟ ಹೇಳಿದ್ದಲ್ಲ. ನಾನು ಹೇಳಿದ್ದು."

ಆಮೇಲೆ ಅವಳು ಹೇಳಿದ್ದನ್ನು ಹೇಳಿದ ಕ್ರಮದಲ್ಲೇ ಬರೆಯುತ್ತೇನೆ. ಹೀಟರ್ ಹಾಕಿದರೂ ಮೀಟರಿನ ಕೆಂಪು ದೀಪ ಜೋರಾಗಲಿಲ್ಲ. ಹಾಗಾದರೆ ಕರೆಂಟು ಬೇರೆ ಎಲ್ಲಿಂದಲೋ ಬರುತ್ತಿದೆಯೆಂದು ಅವಳು ಆಟದಲ್ಲಿ ಮಾಡಿದಂತೆಯೇ ವಯರಿನ ಹಿಂದೆ ಹೋದಳು. ಬೇಲಿಯ ಹತ್ತಿರ ಒಂದು ಕಡೆ ವಯರಿನ ಮೇಲಿನ ಪ್ಲಾಸ್ಟಿಕ್ಕು ಸುಲಿದುಹೋಗಿತ್ತು. ಅಲ್ಲಿ ಮುಳ್ಳುತಂತಿಯನ್ನು ಮುಟ್ಟಿದಾಗ ಕೈ ಜುಮ್ ಎಂದಿತು. ಮಳೆಗಾಲದ ಶುರುವಿನಲ್ಲಿ ಅದೇ ಬೇಲಿಯ ಪಕ್ಕ ಅವರ ಕರು ಸತ್ತು ಬಿದ್ದಿತ್ತು. ಹಾವು ಕಚ್ಚಿದ್ದೆಂದು ಮನೆಯಲ್ಲಿ ಹೇಳಿದ್ದರು. ಅವಳ ತಮ್ಮ ಹರ್ಷಿತ್ ಈಗಷ್ಟೇ ನಡೆಯಲು ಕಲಿತಿದ್ದಾನೆ, ಸಿಕ್ಕಿದ್ದನ್ನೆಲ್ಲ ಹಿಡಿದು ನಿಲ್ಲುತ್ತಾನೆ.

ಅಪ್ಪನಿಗೆ ಹೇಳಿದಳಂತೆ. ನೀನು ಆ ಕಡೆ ಹೋಗಬೇಡ ಎಂದನಂತೆ, ಅಷ್ಟೇ. ಆಟದಲ್ಲಿ ಸೋರಿಕೆ ಸಿಕ್ಕಿದರೆ ಲೈನ್‌ಮ್ಯಾನನ್ನು ಕರೆಯಬೇಕು. ಲೈನಿಗೆ ತಾಗುವ ಮರದ ಗೆಲ್ಲು ಕಡಿಯಲು ನಮ್ಮ ಊರಿನ ಲೈನ್‌ಮ್ಯಾನ್ ರೂಪೇಶ ಬಂದಿದ್ದ ದಿನ ಅವಳು ದಾರಿಯಲ್ಲಿ ಅವನನ್ನು ನಿಲ್ಲಿಸಿ, "ಅಣ್ಣಾ, ನಮ್ಮ ಬೇಲಿಯಲ್ಲಿ ಕರೆಂಟು ಉಂಟು" ಎಂದಳು.

ನಾನು ರೂಪೇಶನನ್ನು ಕಂಡೆ. ಅತ್ತಿತ್ತ ನೋಡಿ, ನೀವು ಕೇಳಿಲ್ಲ ನಾನು ಹೇಳಿಲ್ಲ ಎಂಬ ಮಾತು ತೆಗೆದುಕೊಂಡೇ ಬಾಯಿ ಬಿಟ್ಟ. ಆ ಮನೆಯವರಿಗೆ ಗುಟ್ಟಾಗಿ ಹೇಳಿ ನೋಡಿದನಂತೆ, ದಸರೆ ಕಳೆದರೂ ವಯರು ಅಲ್ಲೇ ಇತ್ತಂತೆ. ಟೆಸ್ಟರ್ ಇಟ್ಟರೆ ಬೇಲಿಯಲ್ಲೂ ದೀಪ ಹತ್ತುತ್ತಿತ್ತಂತೆ. ಚಿಕ್ಕ ಮಗು ಇರುವ ಮನೆ, ಏನಾದರೂ ಆದರೆ ನನ್ನ ಕಣ್ಣಿಗೆ ನಿದ್ದೆ ಬರುತ್ತದಾ ಎಂದ. ಅದಕ್ಕೇ ತನ್ನ ಮೇಲಿನವರಿಗೆ ಹೇಳಿದನಂತೆ.

ಈಗ ನೀನು ಬಂದು ಪೆಟ್ಟಿಗೆ ಹೇಳಿಲ್ಲ ಎಂದು ಸಾಬೀತು ಮಾಡಿದರೆ, ಹಾಗಾದರೆ ಹೇಳಿದ್ದು ಯಾರು ಎಂದು ಮರುಕ್ಷಣ ಹುಡುಕುತ್ತಾರೆ. ಆ ಮನೆಯೊಳಗೇ ಹುಡುಕುತ್ತಾರೆ. ನನ್ನನ್ನು ವರ್ಗ ಮಾಡಿದರೆ ಕಲ್ಲುಗುಂಡಿಗೋ ಕಡಬಕ್ಕೋ ಹೋಗಿ ಪಾಠ ಮಾಡುತ್ತೇನೆ. ಅವಳು ಅಪ್ಪನ ಮನೆ ಬಿಟ್ಟು ಎಲ್ಲಿಗೆ ಹೋಗಬೇಕು?

ಈ ಕಾಗದ ಓದಿ ಸುಟ್ಟುಬಿಡು.

ಶರ್ಮಿಳಾ


ಪುತ್ತೂರು
20 ನವೆಂಬರ್ 2024

ಶರ್ಮಿ,

ಸುಟ್ಟಿದ್ದೇನೆ.

ನಿನ್ನಷ್ಟು ಸುಲಭವಾಗಿ ನಾನು ಒಪ್ಪಲಾರೆ. ನಿಮ್ಮ ಊರಿನ ಮಾತು ಈಗ ನಿಮ್ಮ ಊರಿನಲ್ಲೇ ಉಳಿದಿಲ್ಲ. ಆ ಫೋಟೋ ಕಡಬಕ್ಕೂ ಹೋಗಿದೆ. ಅಲ್ಲಿನ ಎರಡು ಶಾಲೆಗಳು ಟ್ಯಾಬುಗಳನ್ನು ವಾಪಸು ಕಳಿಸಿವೆ. ಒಂದು ಕಡೆ ನಮ್ಮ ಆಫೀಸಿನ ಹುಡುಗಿ ಮೋಕ್ಷಿತಾ ಹೋದಾಗ, ನೀವು ಕರೆಂಟಿನವರ ಕಡೆಯವರಾ ಎಂದು ಕೇಳಿ ಗೇಟಿನಿಂದಲೇ ಕಳಿಸಿದ್ದಾರೆ. ಹಾಲೆಕಜೆಯ ಸಭೆಯಲ್ಲಿ ಆ ಮುದ್ರಿಸಿದ ಕಾಗದ ತೋರಿಸಿ ಕಳಂಕ ತೊಳೆದುಕೊಂಡು ಬನ್ನಿ ಎಂದು ಅಭಿರಾಮ್ ನನಗೆ ಹೇಳಿದ್ದಾರೆ. ತೋರಿಸದಿದ್ದರೆ ಆಟ ಇಲ್ಲಿಗೇ ನಿಲ್ಲುತ್ತದೆ. ನಾಲ್ಕು ವರ್ಷ ನಾನು ಮಾಡಿದ್ದು ಅದೊಂದೇ.

ಇನ್ನೊಂದು ಸಂಶಯವನ್ನೂ ಬಚ್ಚಿಡುವುದಿಲ್ಲ. ನೀನು ಮಗುವನ್ನು ಮಾತ್ರ ಕಾಯುತ್ತಿದ್ದೀಯಾ? ಅಥವಾ ನನ್ನ ಪೆಟ್ಟಿಗೆ ಕೆಟ್ಟದ್ದೆಂದು ಮೊದಲ ದಿನವೇ ನೀನು ತೀರ್ಮಾನಿಸಿದ್ದೆಯಲ್ಲ, ಊರೂ ಹಾಗೇ ಹೇಳಲಿ ಎಂಬ ಆಸೆ ಎಲ್ಲೋ ಇದೆಯಾ? ಹಾಸ್ಟೆಲಿನಲ್ಲಿ ನೀನು ಕೋಪ ಬಂದರೆ ಮಾತಾಡುತ್ತಿರಲಿಲ್ಲ. ಸುಮ್ಮನಿದ್ದೇ ಗೆಲ್ಲುತ್ತಿದ್ದೆ.

ಸಭೆ ಡಿಸೆಂಬರ್ ಏಳಕ್ಕೆ ಎಂದು ಕುಕ್ಕಪ್ಪನವರೇ ಆಫೀಸಿಗೆ ಫೋನ್ ಮಾಡಿ ತಿಳಿಸಿದ್ದಾರೆ. ನಾನು ಬರಲೇಬೇಕು. ಕಾಗದವೂ ಚೀಲದಲ್ಲಿರುತ್ತದೆ. ಏನು ಹೇಳುತ್ತೇನೆಂದು ಈಗಲೇ ಮಾತು ಕೊಡಲಾರೆ.

ಸಾಕ್ಷಿ


ಹಾಲೆಕಜೆ
9 ಡಿಸೆಂಬರ್ 2024

ಪ್ರೀತಿಯ ಸಾಕ್ಷಿ,

ಶನಿವಾರ ನೀನು ಬಸ್ಸು ಹತ್ತುವಾಗ ನಾನು ಏನೂ ಹೇಳಲಿಲ್ಲ. ಸುತ್ತ ಜನರಿದ್ದರು.

ಸಭೆಯಲ್ಲಿ ನಿನ್ನ ಚೀಲವನ್ನೇ ನೋಡುತ್ತಿದ್ದೆ. ಕುಕ್ಕಪ್ಪಣ್ಣ ನಿನ್ನ ಹಳೆಯ ಹಾಳೆಯನ್ನು ಎತ್ತಿ ಹಿಡಿದು, ಈ ಪೆಟ್ಟಿಗೆ ಮನೆಯ ಸಂಗತಿ ಹೊರಗೆ ಹೇಳುದಿಲ್ಲ ಅಂತ ಇವತ್ತೂ ಸಹಿ ಹಾಕ್ತೀರಾ ಎಂದು ಕೇಳಿದಾಗ ನಿನ್ನ ಕೈ ಚೀಲದೊಳಗೆ ಹೋಯಿತು. ಮುಗಿಯಿತು ಎಂದುಕೊಂಡೆ. ನೀನು ತೆಗೆದದ್ದು ಕರ್ಚೀಫು.

"ಇಲ್ಲ, ಹಾಕುವುದಿಲ್ಲ" ಎಂದೆ ನೀನು. "ಹೊರಗೆ ಹೇಳಲಿಕ್ಕೆ ಆಗುವ ಹಾಗೆಯೇ ಇದನ್ನು ಮಾಡಿದ್ದಾರೆ. ನನಗೂ ತಡವಾಗಿ ಗೊತ್ತಾಯಿತು."

ಅದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ನೀನು ಟ್ಯಾಬುಗಳನ್ನು ಒಂದೊಂದಾಗಿ ಒರೆಸಿ ಚೀಲಕ್ಕೆ ತುಂಬಿಕೊಂಡು ಹೊರಟೆ. ಲತೀಶ ಬಾಗಿಲು ಬಿಟ್ಟು ಸರಿದು ನಿಂತ. ಯಾರೋ ಹಿಂದಿನಿಂದ ಏನೋ ಕೆಟ್ಟದ್ದು ಅಂದರು, ನಿನಗೆ ಕೇಳಿರಲಾರದು ಎಂದುಕೊಂಡಿದ್ದೇನೆ.

ನಿನ್ನೆ ಭಾನುವಾರ ಕುಕ್ಕಪ್ಪಣ್ಣ ನಾನಿರುವ ಬಾಡಿಗೆ ಮನೆಗೆ ಒಬ್ಬರೇ ಬಂದರು. ಚಾ ಬೇಡವೆಂದರು. ವರ್ಗದ ಅರ್ಜಿಯನ್ನು ಕಳಿಸುವುದಿಲ್ಲ, ಮಕ್ಕಳನ್ನು ಯಾರೂ ಬಿಡಿಸುವುದಿಲ್ಲ, ತಾನು ಎಲ್ಲರಲ್ಲೂ ಮಾತಾಡಿದ್ದೇನೆ ಎಂದರು. ನಾನು ಯಾಕೆ ಎಂದು ಕೇಳಲಿಲ್ಲ. ಕೇಳದಿದ್ದದ್ದಕ್ಕೇ ಇರಬೇಕು, ಅವರೇ ಹೇಳಿದರು.

"ರೂಪೇಶ ಮೊದಲು ಬಂದು ಹೇಳಿದ್ದು ನನ್ನ ಹತ್ತಿರ. 'ನಿಮ್ಮ ಮೊಮ್ಮಗಳು ಹೇಳಿದಳು, ವಯರು ತೆಗೆಸಿ' ಅಂದ. ಅವಳ ಹೆಸರೆತ್ತದೆ ಲತೀಶನಿಗೆ ಹೇಳಿದೆ. ಹಬ್ಬ ಕಳೆಯಲಿ ಅಂದ. ಜೀಪು ಬಂದ ದಿನವೇ ನನಗೆ ಗೊತ್ತುಂಟು ಟೀಚರ್, ಯಾರಿಂದ ಅಂತ. ಮನೆಯೊಳಗೆ ಹುಡುಕಲಿಕ್ಕೆ ಶುರು ಆಗುವ ಮೊದಲು ಹೊರಗೆ ಒಂದು ಹೆಸರು ಬೇಕಿತ್ತು. ನಿಮ್ಮ ಪೆಟ್ಟಿಗೆ ಸಿಕ್ಕಿತು."

ಹಾಗಾದರೆ ಆ ಫೋಟೋ ಗುಂಪಿಗೆ ಹಾಕಿದ್ದು ನೀವೇನಾ ಎಂದೆ. ಅವರು ಛತ್ರಿ ತೆಗೆದುಕೊಂಡು ಎದ್ದರು. ಜಗಲಿಯಿಂದ ಇಳಿಯುವಾಗ, ಪುತ್ತೂರಿನ ಆ ಆಟದ ಟೀಚರಿಗೆ ಸಭೆಯಲ್ಲಿ ಬೈದದ್ದು ಬೇಕೆಂದಲ್ಲ ಎಂದು ಬರೆಯಿರಿ ಎಂದರು.

ಬರೆದಿದ್ದೇನೆ. ಅವರು ಹೇಳಿದ್ದನ್ನು ಪೂರ್ತಿ ನಂಬಿದೆನೇ ಎಂದರೆ, ಅರ್ಧ ನಂಬಿದೆ. ಮಗುವನ್ನೂ ಕಾದಿರಬಹುದು, ಮನೆಯ ಮಾನವನ್ನೂ ಕಾದಿರಬಹುದು. ನನ್ನ ಬಗ್ಗೆ ನೀನು ಕೇಳಿದ ಪ್ರಶ್ನೆಗೂ ನನ್ನ ಉತ್ತರ ಅಷ್ಟೇ.

ಯಶಸ್ವಿ ಈಗ ತರಗತಿಯಲ್ಲಿ ಕೈ ಎತ್ತುವುದಿಲ್ಲ. ಟ್ಯಾಬುಗಳು ಹೋದದ್ದು ತನ್ನಿಂದ, ಬೈಸಿಕೊಂಡ ಆ ಅಕ್ಕನ ಕೆಲಸ ಹೋಗುವುದೂ ತನ್ನಿಂದ ಎಂದು ತಿಳಿದುಕೊಂಡಿದ್ದಾಳೆ. ನಿನ್ನ ವಿಳಾಸ ಕೇಳಿದಳು, ಕೊಟ್ಟೆ. ಅವಳು ಬರೆದದ್ದನ್ನು ನಾನು ಓದುವುದಿಲ್ಲ. ನಿನ್ನ ಕೆಲಸದ ವಿಷಯ ಏನಾಯಿತು, ನಿಜವಾದದ್ದನ್ನೇ ಬರೆ.

ನಿನ್ನ
ಶರ್ಮಿ


ಹಾಲೆಕಜೆ
5 ಜನವರಿ 2025

ಸಾಕ್ಷಿ ಅಕ್ಕನಿಗೆ,

ನಾನು ಯಶಸ್ವಿ. ಆರನೇ ತರಗತಿ. ಸಭೆಯ ದಿನ ನೀವು ಟ್ಯಾಬ್ ಒರೆಸುವಾಗ ನಾನು ಕಿಟಕಿಯ ಹೊರಗಿದ್ದೆ. ನೀವು ನನ್ನನ್ನು ನೋಡಿದಿರಿ ಅಂತ ಕಾಣುತ್ತದೆ, ನೋಡಿಲ್ಲ ಅಂತಲೂ ಕಾಣುತ್ತದೆ.

ನಿಮ್ಮ ಆಟದಲ್ಲಿ ಒಂದು ತಪ್ಪು ಉಂಟು. ಸೋರಿಕೆ ಸಿಕ್ಕಿ ಗಂಟೆ ಒತ್ತಿದ ಕೂಡಲೇ ಲೈನ್‌ಮ್ಯಾನ್ ಬರುತ್ತಾನೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ನಮ್ಮಲ್ಲಿ ತುಂಬಾ ದಿನ ಆಯಿತು. ಆಮೇಲೆ ಯಾರೂ ಚಪ್ಪಾಳೆ ತಟ್ಟಲಿಲ್ಲ. ಮುಂದೆ ಆಟ ಮಾಡಿದರೆ ಅದನ್ನು ಸರಿ ಮಾಡಿ.

ಅಜ್ಜ ನನ್ನ ಹತ್ತಿರ, ಇನ್ನು ಆ ವಿಷಯ ಯಾರಲ್ಲೂ ಮಾತಾಡಬಾರದು ಎಂದಿದ್ದರು. ಟೀಚರೂ ಅದನ್ನೇ ಹೇಳಿದರು. ನಾನು ತುಂಬಾ ದಿನ ಹೇಳಲಿಲ್ಲ. ಆದರೆ ಅಪ್ಪ ದಿನಾ ಊಟಕ್ಕೆ ಕೂತಾಗ ಟೀಚರಿಗೆ ಬೈಯುತ್ತಿದ್ದರು. ಕ್ರಿಸ್‌ಮಸ್ ರಜೆಯ ದಿನ ಅಪ್ಪ ಹಳೆ ಬೇಲಿ ಬಿಗಿ ಮಾಡುತ್ತಿದ್ದರು. ನಾನು ಹೋಗಿ, ಟೀಚರಿಗೆ ಬೈಬೇಡಿ, ರೂಪೇಶಣ್ಣನಿಗೆ ಹೇಳಿದ್ದು ನಾನು ಎಂದೆ. ಯಾಕೆ ಹೇಳಿದ್ದು ಎಂದು ಕೇಳಿದರು. ಮೊದಲು ನಿಮಗೇ ಹೇಳಿದ್ದೆ ಎಂದೆ.

ಅಪ್ಪ ನನಗೆ ಹೊಡೆಯಲಿಲ್ಲ. ಇಕ್ಕಳ ಕೆಳಗೆ ಇಟ್ಟು ಮನೆಗೆ ಹೋದರು. ಮೂರು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಅಮ್ಮ ಕೇಳಿದ್ದಕ್ಕೂ ಎಂತ ಇಲ್ಲ ಎಂದರು. ಅವರ ಪಾಲಿಗೆ ನಾನು ಇಲ್ಲ ಎಂದೇ ನಾನು ಎಣಿಸಿದೆ.

ನಾಲ್ಕನೇ ದಿನ ಬೆಳಗ್ಗೆ ಬಾ ಎಂದು ಕರೆದರು. ಹರ್ಷಿತನನ್ನು ಎತ್ತಿಕೊಂಡಿದ್ದರು. ಬೇಲಿಯ ಹತ್ತಿರ ಹೋಗಿ ಅವನನ್ನು ಕೆಳಗೆ ಬಿಡಲಿಲ್ಲ, ನನ್ನ ಕೈಗೂ ಕೊಡಲಿಲ್ಲ, ದೂರ ಇದ್ದ ಅಮ್ಮನ ಕೈಗೆ ಕೊಟ್ಟು ಬಂದರು. ಕರು ಬಿದ್ದ ಜಾಗ ಎಲ್ಲಿ ಅಂತ ನಿನಗೆ ಗೊತ್ತುಂಟಾ ಎಂದು ಕೇಳಿದರು. ತೋರಿಸಿದೆ. ಅವರು ಚಪ್ಪಲಿ ತೆಗೆದು ಅಲ್ಲೇ ಬರಿಗಾಲಲ್ಲಿ ನಿಂತು ಎರಡು ಕೈಯಲ್ಲೂ ತಂತಿ ಹಿಡಿದರು. ತುಂಬಾ ಹೊತ್ತು ಹಿಡಿದೇ ಇದ್ದರು.

"ಈಗ ನೀನು ಮುಟ್ಟು" ಎಂದರು.

ನನಗೆ ಹೆದರಿಕೆ ಆಯಿತು. ಅಪ್ಪನ ಮುಖ ನೋಡಿದೆ. ಮುಟ್ಟಿದೆ. ಇಬ್ಬನಿ ಇತ್ತು, ತಂತಿ ತಣ್ಣಗಿತ್ತು, ಅಷ್ಟೇ.

ಇತಿ,
ಯಶಸ್ವಿ ಲತೀಶ್